ಹದಿನಾಲ್ಕನೇ ನಂಬರಿನ ಫೆಲ್ಟ್‌ಲಿನರ್

ಲೆರ್ಖನ್‌ಬ್ರುನ್ ಊರಿನಲ್ಲಿ ಎಂಗೆಲ್ಬರ್ಟ್ ಹಾಸ್ಲಿಂಗರನಿಗಿಂತ ಅವನ ಮೂಗಿಗೆ ಹೆಚ್ಚು ಮರ್ಯಾದೆಯಿತ್ತು. ಮನುಷ್ಯನನ್ನು ಊರೆಲ್ಲ ಸಲಿಗೆಯಿಂದ ಬರ್ಟ್ಲ್ ಎಂದು ಕರೆಯುತ್ತಿತ್ತು. ಮೂಗನ್ನು ಮಾತ್ರ ಬಹುವಚನದಲ್ಲಿ 'ಅಧ್ಯಕ್ಷರು' ಎನ್ನುತ್ತಿತ್ತು. ದ್ರಾಕ್ಷಿ ಬೆಳೆಗಾರರ ಸಂಘ ಪ್ರತಿ ಮಾರ್ಚಿನಲ್ಲಿ ನಡೆಸುವ ಪರೀಕ್ಷೆಯಲ್ಲಿ, ಹಿಂದಿನ ಸುಗ್ಗಿಯ ವೈನುಗಳನ್ನು ಮೂಸಿ, ಬಾಯಲ್ಲಿ ಆಡಿಸಿ, ಉಗುಳಿ, ಯಾವುದು ಮೊದಲು ಯಾವುದು ಕೊನೆ ಎಂದು ತೀರ್ಮಾನ ಹೇಳುವ ಮೇಜಿನ ಮುಖ್ಯ ಕುರ್ಚಿಯಲ್ಲಿ ಆ ಮೂಗು ಹತ್ತೊಂಬತ್ತು ವರ್ಷದಿಂದ ಕೂತಿತ್ತು.

ಪರೀಕ್ಷೆ ಫೆಲ್ಟ್‌ಲಿನರ್ ಎಂಬ ದ್ರಾಕ್ಷಿಯ ವೈನಿಗೆ ಮಾತ್ರ. ಊರಿನಲ್ಲಿ ಬೇರೆ ದ್ರಾಕ್ಷಿಗಳೂ ಇದ್ದವು, ಆದರೆ ಅವೆಲ್ಲ ಬಂದು ಹೋಗುವ ನೆಂಟರ ಹಾಗೆ, ಫೆಲ್ಟ್‌ಲಿನರ್ ಮನೆಯವನು. ಕುಡಿದರೆ ತಣ್ಣಗೆ, ಹಸಿರು ಸೇಬಿನ ಹಾಗೆ ಹುಳಿಯಾಗಿ ಇಳಿದು, ನುಂಗಿದ ಮೇಲೆ ಮೂಗಿನ ಹಿಂಬದಿಯಲ್ಲಿ ಯಾರೋ ಬಿಳಿ ಮೆಣಸು ಕುಟ್ಟಿದ ಹಾಗೆ ಆಗಬೇಕು. ಮೆಣಸು ಬರದ ಫೆಲ್ಟ್‌ಲಿನರನ್ನು ಆ ಊರಿನವರು ಮಗುವಿನ ಸ್ನಾನಕ್ಕೆ ಸರಿ ಎನ್ನುತ್ತಿದ್ದರು. ಯಾವ ಬಾಟಲಿಯಲ್ಲಿ ಮೆಣಸು ಎಷ್ಟಿದೆ, ದ್ರಾಕ್ಷಿ ಬೆಳೆದದ್ದು ಗುಡ್ಡದ ಮೇಲಿನ ಜಲ್ಲಿಯಲ್ಲೋ ಕೆಳಗಿನ ಹಳದಿ ಮಣ್ಣಲ್ಲೋ ಎಂಬುದನ್ನೆಲ್ಲ ಬರ್ಟ್ಲ್ ಕಣ್ಣು ಮುಚ್ಚಿ ಹೇಳುತ್ತಿದ್ದ. ಕಣ್ಣು ಮುಚ್ಚುವ ಅಗತ್ಯವೇನೂ ಇರಲಿಲ್ಲ; ಮುಚ್ಚಿದರೆ ನೋಡುವವರಿಗೆ ಚೆನ್ನ ಎಂದು ಅವನ ಹೆಂಡತಿ ಹೆರ್ಮಿನೆಗೆ ಗೊತ್ತಿತ್ತು.

ಆ ವರ್ಷ ಜನವರಿಯ ಚಳಿಯಲ್ಲಿ ಬಳ್ಳಿ ಸವರಲು ಹೋದವನು ಜ್ವರ ಹಿಡಿಸಿಕೊಂಡು ಬಂದ. ಹತ್ತು ದಿನ ಹಾಸಿಗೆ ಬಿಡಲಿಲ್ಲ. ಎದ್ದ ಮೇಲೆ ಬಂದ ಮೊದಲ ಭಾನುವಾರ ಹೆರ್ಮಿನೆ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ, ಹುಳಿಕೋಸು ಮಾಡಲು ಇಟ್ಟು, ಗೇಟಿನ ಹತ್ತಿರ ಪಕ್ಕದ ಮನೆಯ ಫ್ರೀಡಾಳ ಜೊತೆ ಎರಡೇ ಎರಡು ಮಾತಾಡಲು ಹೋದಳು. ಎರಡು ಮಾತು ಮುಗಿಯುವುದರೊಳಗೆ ಕೋಸು ತಳ ಹಿಡಿದು ಇದ್ದಿಲಾಗಿತ್ತು. ಮೇಲುಮೇಲಿನದನ್ನು ಬಳಿದು, ಬೈಗುಳಕ್ಕೆ ಮನಸ್ಸನ್ನು ಗಟ್ಟಿ ಮಾಡಿಕೊಂಡು ತಟ್ಟೆಗೆ ಬಡಿಸಿದಳು. ಬರ್ಟ್ಲ್ ತಿಂದ. ಇನ್ನೊಂದು ಸಲ ಹಾಕಿಸಿಕೊಂಡು ತಿಂದ.

"ಚೆನ್ನಾಗಿದೆ ಮಿನ್ನಿ," ಎಂದ.

ಹೆರ್ಮಿನೆಯ ಕೈಯ ಸೌಟು ಪಾತ್ರೆಯೊಳಗೆ ಬಿತ್ತು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವನು 'ಚೆನ್ನಾಗಿದೆ, ಆದ್ರೆ' ಎಂದದ್ದು ಸಾವಿರ ಸಲ. 'ಆದ್ರೆ' ಇಲ್ಲದ 'ಚೆನ್ನಾಗಿದೆ' ಇದೇ ಮೊದಲು. ಗಂಡಸು ಏನೋ ತಪ್ಪು ಮಾಡಿದ್ದಾನೆ ಎಂದುಕೊಂಡಳು. ಏನಿರಬಹುದು ಎಂದು ಸಂಜೆಯವರೆಗೆ ಲೆಕ್ಕ ಹಾಕಿದಳು. ಆ ವಯಸ್ಸಿಗೆ, ಆ ಹೊಟ್ಟೆಗೆ, ಮಾಡಬಹುದಾದ ತಪ್ಪು ಒಂದೂ ಹೊಳೆಯಲಿಲ್ಲ. ಮಾರನೇ ದಿನ ಕಾಫಿಪುಡಿಯ ಬದಲು ಹುರಿದ ಬಾರ್ಲಿಯನ್ನು ಕುದಿಸಿ ಕೊಟ್ಟಳು. ಅದೂ ಚೆನ್ನಾಗಿತ್ತು. ಮೂರನೇ ದಿನ ಅವನನ್ನು ಅಡುಗೆಮನೆಯ ಬೆಂಚಿನ ಮೇಲೆ ಕೂರಿಸಿ, "ಕಣ್ಣು ಮುಚ್ಚು" ಎಂದು, ಮೂಗಿನ ಹತ್ತಿರ ಒಂದು ಬಟ್ಟೆ ಹಿಡಿದಳು.

"ಏನಿದು, ಹೇಳು?"

ಬರ್ಟ್ಲ್ ಆಳವಾಗಿ ಮೂಸಿದ. ತಲೆ ಓರೆ ಮಾಡಿದ. ಅಭ್ಯಾಸಬಲದಿಂದ ತುಟಿಯನ್ನೂ ಚಪ್ಪರಿಸಿದ. "ನಿನ್ನ ಸೋಪು," ಎಂದ. "ಒಳ್ಳೇ ಪರಿಮಳ."

"ಸೀಮೆಎಣ್ಣೆ ಬಟ್ಟೆ ಬರ್ಟ್ಲ್. ಲಾಟೀನು ಒರೆಸಿದ್ದು."

ಅವನು ಕಣ್ಣು ತೆರೆಯಲಿಲ್ಲ. "ಎರಡು ವಾರ ಆಯ್ತು ಮಿನ್ನಿ," ಎಂದ. "ಏನೂ ಇಲ್ಲ. ನೆಲಮಾಳಿಗೆಗೆ ಹೋಗಿ ಎಲ್ಲಾ ಪೀಪಾಯಿಂದಲೂ ತೆಗೆದು ಕುಡಿದು ನೋಡ್ದೆ. ತಣ್ಣಗಿರೋ ನೀರು. ಸ್ವಲ್ಪ ಹುಳಿ. ಅಷ್ಟೇ. ನಮ್ಮ ವೈನು ಯಾವ್ದು, ಬಾವಿ ನೀರು ಯಾವ್ದು ಅಂತ ಗೊತ್ತಾಗ್ತಿಲ್ಲ."

ಅಷ್ಟು ದೊಡ್ಡ ಗಂಡಸಿನ ಧ್ವನಿ ಅಷ್ಟು ಚಿಕ್ಕದಾದದ್ದನ್ನು ಅವಳು ಕೇಳಿದ್ದು ಅವನ ತಾಯಿ ತೀರಿಕೊಂಡ ದಿನ ಮಾತ್ರ. ಬಟ್ಟೆಯನ್ನು ಮೂಲೆಗೆ ಎಸೆದು ಪಕ್ಕದಲ್ಲಿ ಕೂತಳು. ಸಮಾಧಾನದ ಮಾತು ಅವಳಿಗೆ ಅಷ್ಟಾಗಿ ಬರುತ್ತಿರಲಿಲ್ಲ.

"ಸುಟ್ಟ ಕೋಸನ್ನ ಎರಡು ತಟ್ಟೆ ತಿಂದ್ಯಲ್ಲೋ ಪಾಪಿ," ಎಂದಳು.

ಜಿಲ್ಲಾ ಪಟ್ಟಣದ ಡಾಕ್ಟರು ದೀಪ ಹಾಕಿ ಒಳಗೆಲ್ಲ ನೋಡಿ, ಜ್ವರದಿಂದ ಹೀಗಾಗುವುದುಂಟು, ಮೂರು ತಿಂಗಳಿಗೆ ಬರಬಹುದು, ವರ್ಷಕ್ಕೆ ಬರಬಹುದು, ಬರದೆಯೂ ಇರಬಹುದು ಎಂದರು. ವಾಪಸು ಬರುವ ದಾರಿಯುದ್ದಕ್ಕೂ ಬರ್ಟ್ಲ್‌ನದು ಒಂದೇ ಮಾತು: ಮಾರ್ಚಿನ ಪರೀಕ್ಷೆಗೆ ಇನ್ನು ಐದು ವಾರ. ತಾನು ಕುರ್ಚಿ ಬಿಟ್ಟರೆ ಅದರಲ್ಲಿ ಕೂರುವವನು ಇಗ್ನಾಟ್ಸ್ ಪಾಂಪರ್ಲ್. ಇಗ್ನಾಟ್ಸ್ ಎಂದರೆ ಗೇಟಿನ ಫ್ರೀಡಾಳ ಗಂಡ, ಸಂಘದ ಉಪಾಧ್ಯಕ್ಷ, ಹತ್ತೊಂಬತ್ತು ವರ್ಷದಿಂದ ಆ ಕುರ್ಚಿಯ ಮೇಲೆ ಕಣ್ಣಿಟ್ಟು ಪಕ್ಕದ ಕುರ್ಚಿಯಲ್ಲಿ ಕೂತವನು.

"ಪೈಪ್ ಸೇದಿ ಸೇದಿ ಅವನ ನಾಲಗೆ ಒಲೆ ಕೊಳವೆ ಆಗಿದೆ. ಅವನು ತೀರ್ಪು ಹೇಳೋದಾ?"

"ನಿಂದು ಸರಿಯಾಗಿತ್ತಲ್ಲ, ಈಗೇನಾಯ್ತು? ಹೇಳಿಬಿಡು, ಮೂಗು ಹೋಗಿದೆ ಅಂತ. ಕಾಲು ಮುರಿದ್ರೆ ಹೇಳಲ್ವಾ?"

"ಕಾಲು ಬೇರೆ."

"ಮರ್ಯಾದೆನೆಲ್ಲ ತಗೊಂಡೋಗಿ ಮೂಗಿನೊಳಗೆ ಇಟ್ಕೋ ಅಂತ ನಿಂಗೆ ಹೇಳಿದ್ಯಾರು?"

ಅವನು ಮುಖ ಊದಿಸಿಕೊಂಡ. ಮನೆ ಮುಟ್ಟುವ ಹೊತ್ತಿಗೆ ಅವಳಿಗೇ ಕರುಣೆ ಬಂತು. "ನಾನಿದ್ದೀನಲ್ಲ," ಎಂದಳು. "ನಾನು ಮೂಸ್ತೀನಿ. ನೀನು ಮಾತಾಡು. ಮಾತು ಹೇಗೂ ನಿಂಗೆ ಮೂಗಿನ ಸಹಾಯ ಇಲ್ದೇನೂ ಬರುತ್ತೆ."

ಅವನು ನಕ್ಕುಬಿಟ್ಟ. ಹೆಂಗಸರ ನಾಲಗೆ ಕಾಫಿ ಕುಡಿದು ಸಿಹಿ ತಿಂದು ಕೆಟ್ಟಿರುತ್ತದೆ ಎಂಬುದು ಸಂಘದ ಬರೆಯದ ನಿಯಮ. ಆದರೂ ಅಂದಿನಿಂದ ಇಬ್ಬರೂ ಮಧ್ಯಾಹ್ನದ ಊಟ ಮುಗಿಸಿ ಊರ ಹೊರಗಿನ ನೆಲಮಾಳಿಗೆಗಳ ಬೀದಿಗೆ ಹೋಗತೊಡಗಿದರು. ಗುಡ್ಡದ ಹಳದಿ ಮಣ್ಣನ್ನು ಕೊರೆದು ಮಾಡಿದ ಮಾಳಿಗೆಗಳು ಅಲ್ಲಿ ಸಾಲಾಗಿದ್ದವು, ಮುಂದೆ ಒಂದೊಂದು ಬಿಳಿ ಗೋಡೆ, ಹಸಿರು ಬಾಗಿಲು. ಬರ್ಟ್ಲ್ ಗಾಜಿನ ಉದ್ದ ಕೊಳವೆಯಿಂದ ಪೀಪಾಯಿಯ ವೈನನ್ನು ಎಳೆದು ಅವಳ ಲೋಟಕ್ಕೆ ಬಿಡುತ್ತಿದ್ದ. ಅದೇನೂ ಅವಳಿಗೆ ಹೊಸದಲ್ಲ. ಮೂವತ್ತೊಂದು ವರ್ಷವೂ ಅವನು ಹೀಗೆ ಲೋಟ ಕೊಟ್ಟಿದ್ದ, 'ಹೇಗಿದೆ?' ಎಂದು ಕೇಳಿದ್ದ, ಅವಳು ಬಾಯಿ ತೆರೆಯುವ ಮೊದಲೇ ಹೇಗಿದೆ ಎಂದು ತಾನೇ ಹೇಳಿದ್ದ. ಈಗ ಮೊದಲ ಸಲ ಉತ್ತರಕ್ಕೆ ಕಾದ.

"ಇದು... ನಿನ್ನ ತಂಗಿ ಮದುವೆ ದಿನ ಒಣಹುಲ್ಲು ಮಳೇಲಿ ನೆಂದಿತ್ತಲ್ಲ, ಮಾರನೇ ದಿನ ಬಿಸಿಲಿಗೆ ಹರಡಿದ್ವಲ್ಲ, ಆ ವಾಸನೆ. ಆಮೇಲೆ ಕೊನೇಲಿ ಮೆಣಸು. ಪುಡಿ ಅಲ್ಲ, ಕಾಳು."

"ಹಾಗೆಲ್ಲ ಹೇಳ್ಬಾರ್ದು ಮಿನ್ನಿ. 'ಹಸಿರು ಸೇಬು, ಹಿತವಾದ ಮಸಾಲೆ' ಅನ್ಬೇಕು."

"ಸೇಬು ಎಲ್ಲಿದೆ ಇದ್ರಲ್ಲಿ? ಪೇರ್ ಹಣ್ಣು ಇದ್ರೂ ಇರಬಹುದು. ಪೂರ್ತಿ ಮಾಗಿರೋದಲ್ಲ, ದೋರೆ."

ಅವನು ಅವಳನ್ನೇ ನೋಡಿದ. ಆ ಪೀಪಾಯಿಯ ಬಗ್ಗೆ ಡಿಸೆಂಬರಿನಲ್ಲಿ, ಮೂಗು ಸರಿಯಿದ್ದಾಗ, ಅವನಿಗೂ ಅದೇ ಅನ್ನಿಸಿತ್ತು. ಯಾರಿಗೂ ಹೇಳಿರಲಿಲ್ಲ.

ಹತ್ತು ದಿನದಲ್ಲಿ ಅವನಿಗೆ ನಂಬಿಕೆ ಬಂತು. ಜಗಳವಾದದ್ದು ಒಂದೇ ವಿಷಯಕ್ಕೆ. ಮೂಲೆಯ ದೊಡ್ಡ ಪೀಪಾಯಿಯಿಂದ ಒಂದು ಗುಟುಕು ತೆಗೆದುಕೊಂಡವಳೇ ಹೆರ್ಮಿನೆ ಉಗುಳಿದಳು. "ಇದು ನಿದ್ದೆ ಹೋಗಿದೆ ಬರ್ಟ್ಲ್. ಹಳೇ ಬಾದಾಮಿ... ಅಲ್ಲ, ಹಳೇ ಆಕ್ರೋಟು ಸಿಪ್ಪೆ. ನೀನು ಮಲಗಿದ್ದಾಗ ಯಾರೂ ತುಂಬಿಸಿಲ್ಲ, ಮೇಲೆ ಗಾಳಿ ಹೊಕ್ಕಿದೆ."

"ಅದು ಪರೀಕ್ಷೆಗೆ ಇಟ್ಟಿರೋ ಪೀಪಾಯಿ! ಅದು ನಿದ್ದೆ ಅಲ್ಲ, ಮಾಗ್ತಾ ಇದೆ."

"ನಿಂಗೆ ಹೇಗೆ ಗೊತ್ತು?"

"ನಾನು ಮಾಡಿದ ವೈನು ನಂಗೆ ಗೊತ್ತಿಲ್ವಾ?"

ಅವಳು ಮೂಗು ಮುರಿದು ಲೋಟ ತೊಳೆದಿಟ್ಟಳು. ಬೇರೆ ಪೀಪಾಯಿಯಿಂದ ಬಾಟಲಿ ತುಂಬು ಎಂದು ಆಮೇಲೂ ಎರಡು ಸಲ ಹೇಳಿದಳು. ಅವನು ಅದರಿಂದಲೇ ತುಂಬಿದ.

ಪರೀಕ್ಷೆ ನಡೆಯುವುದು ಅಗ್ನಿಶಾಮಕ ದಳದ ಹಾಲಿನಲ್ಲಿ. ಮುಂದೆ ಉದ್ದ ಮೇಜು, ಐವರು ತೀರ್ಪುಗಾರರು; ಎದುರಿಗೆ ಬೆಂಚುಗಳಲ್ಲಿ ಊರು; ಹಿಂದೆ ಪುಟ್ಟ ಕೋಣೆ, ಅದಕ್ಕೊಂದು ಕಿಟಕಿ. ಕೋಣೆಯೊಳಗೆ ಹೆಂಗಸರು ಲೋಟ ತೊಳೆಯುತ್ತಾರೆ, ಬ್ರೆಡ್ಡು ಕತ್ತರಿಸುತ್ತಾರೆ. ಶಾಲೆಯ ಮೇಷ್ಟ್ರು ಡೋರ್ನರ್ ಬಾಟಲಿಗಳಿಗೆಲ್ಲ ಕಾಗದ ಸುತ್ತಿ ನಂಬರು ಬರೆದಿದ್ದರು. ಯಾವ ನಂಬರು ಯಾರದ್ದು ಎಂಬ ಚೀಟಿ ಅವರ ಕೋಟಿನ ಜೇಬಿನಲ್ಲಿತ್ತು. ಪ್ರತಿ ಬಾಟಲಿಯೂ ಮೊದಲು ಕೋಣೆಗೆ ಬಂದು, ಲೋಟಗಳಿಗೆ ಬಿದ್ದು, ಆಮೇಲೆ ಮೇಜಿಗೆ ಹೋಗಬೇಕು. ಉಳಿದ ಹನಿಗಳನ್ನು ಹೆಂಗಸರು ಏನು ಮಾಡುತ್ತಾರೆಂದು ಯಾರೂ ಯಾವತ್ತೂ ಕೇಳಿರಲಿಲ್ಲ.

ಗಂಡ ಹೆಂಡತಿ ಮಾಡಿಕೊಂಡ ಏರ್ಪಾಡು ಸರಳವಾಗಿತ್ತು. ಪ್ರತಿ ವೈನಿನ ಜೊತೆ ಹೆರ್ಮಿನೆ ಬ್ರೆಡ್ಡಿನ ಚಿಕ್ಕ ತುಂಡುಗಳನ್ನು ತಂದು ಬರ್ಟ್ಲ್‌ನ ತಟ್ಟೆಯಲ್ಲಿ ಇಡಬೇಕು. ಒಂದು ತುಂಡೆಂದರೆ ಕೆಟ್ಟದ್ದು, ಐದೆಂದರೆ ಶ್ರೇಷ್ಠ. ನಡುವಿನದಕ್ಕೆ ನಡುವಿನಷ್ಟು. ಅವರು ಯೋಚಿಸದೇ ಹೋದದ್ದು ಒಂದೇ: ಮುಂದಿನ ವೈನು ಬರುವ ಮೊದಲು ತಟ್ಟೆ ಖಾಲಿಯಾಗಬೇಕಲ್ಲ! ವೈನುಗಳು ಇಪ್ಪತ್ತೇಳು.

ಆರನೆಯದರ ಹೊತ್ತಿಗೆ ಬರ್ಟ್ಲ್ ಬೇಗ ಬೇಗ ಅಗಿಯುತ್ತಿದ್ದ. ಒಂಬತ್ತನೆಯದಕ್ಕೆ ಪಕ್ಕದಲ್ಲಿದ್ದ ಇಗ್ನಾಟ್ಸ್ ತನ್ನ ಪೈಪನ್ನು ಬಾಯಿಂದ ತೆಗೆದ. "ಏನ್ ಬರ್ಟ್ಲ್, ಮನೇಲಿ ಊಟ ಹಾಕ್ತಿಲ್ವಾ?"

"ನಾಲಗೆ ಶುದ್ಧ ಇರ್ಬೇಕು ಇಗ್ನಾಟ್ಸ್. ನಿಂಗದು ಗೊತ್ತಾಗಲ್ಲ."

"ನಾಲಗೆ ಒಂದೇ ಅಲ್ಲ, ಕರುಳೂ ಶುದ್ಧ ಮಾಡ್ಕೊಳ್ತಿರೋ ಹಾಗಿದೆ."

ಬೆಂಚುಗಳು ನಕ್ಕವು. ಆದರೆ ತೀರ್ಪು ಮಾತ್ರ ಸೊಗಸಾಗಿ ನಡೆದಿತ್ತು. ತುಂಡುಗಳನ್ನು ಓರೆಗಣ್ಣಲ್ಲಿ ಎಣಿಸಿ, ಲೋಟವನ್ನು ದೀಪಕ್ಕೆ ಹಿಡಿದು, ಕಣ್ಣು ಮುಚ್ಚಿ, ನಾಲ್ಕು ತುಂಡಿದ್ದರೆ ಬರ್ಟ್ಲ್ ಹಸಿರು ಸೇಬು ಎನ್ನುತ್ತಿದ್ದ, ಎರಡಿದ್ದರೆ ನಿಟ್ಟುಸಿರು ಬಿಡುತ್ತಿದ್ದ. ಅವನು ಸೇಬು ಎಂದ ಕೂಡಲೇ ಉಳಿದ ನಾಲ್ವರಿಗೂ ಸೇಬು ಸಿಗುತ್ತಿತ್ತು. ಕಿಟಕಿಯಿಂದ ನೋಡುತ್ತಿದ್ದ ಹೆರ್ಮಿನೆಗೆ ಅದು ತಮಾಷೆಯೂ ಆಯಿತು, ಸ್ವಲ್ಪ ಸಿಟ್ಟೂ ಬಂತು. ಅವಳ ಪಕ್ಕದಲ್ಲಿ ಲೋಟ ಒರೆಸುತ್ತಿದ್ದ ಫ್ರೀಡಾ ಬ್ರೆಡ್ಡಿನ ಹಲಗೆಯ ಕಡೆಗೊಮ್ಮೆ, ಬರ್ಟ್ಲ್‌ನ ತಟ್ಟೆಯ ಕಡೆಗೊಮ್ಮೆ ನೋಡುತ್ತಿದ್ದಳು.

ಹದಿನಾಲ್ಕನೇ ಬಾಟಲಿ ಬಂತು. ಲೋಟ ಮೂಗಿನಿಂದ ಇನ್ನೂ ಗೇಣು ದೂರವಿದ್ದಾಗಲೇ ಹೆರ್ಮಿನೆಗೆ ತಿಳಿಯಿತು. ಹಳೇ ಆಕ್ರೋಟಿನ ಸಿಪ್ಪೆ. ಅವಳ ಕೈ ಬ್ರೆಡ್ಡಿನ ಮೇಲೆ ನಿಂತಿತು. ನಾಲ್ಕು ತುಂಡು ಇಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆ ನಾಲ್ವರೂ ಆಕ್ರೋಟಿನಲ್ಲಿಯೇ ಸೇಬು ಹುಡುಕಿ ತೆಗೆಯುತ್ತಾರೆ. ಆದರೆ ಹದಿಮೂರು ಮನೆಯವರ ವೈನನ್ನು ಹಾಗೆ ತೂಗಿ, ತನ್ನ ಮನೆಯದ್ದಕ್ಕೆ ತಕ್ಕಡಿ ಬಾಗಿಸುವುದೇ? ಮೂರು ಸಲ ಹೇಳಿರಲಿಲ್ಲವೇ ಈ ಮನುಷ್ಯನಿಗೆ? ಎರಡು ತುಂಡು ತೆಗೆದುಕೊಂಡು ಹೋಗಿ ತಟ್ಟೆಯಲ್ಲಿಟ್ಟು, ಅವನ ಮುಖ ನೋಡದೆ ವಾಪಸು ಬಂದಳು.

ಬರ್ಟ್ಲ್ ಅಷ್ಟು ಹೊತ್ತಿಗೆ ಕುದುರಿಕೊಂಡಿದ್ದ. ಲೋಟ ಮೂಸಿದ. ಬಾಯಲ್ಲಿ ಆಡಿಸಿ ಉಗುಳಿದ. ತಲೆ ಅಲ್ಲಾಡಿಸಿದ.

"ನೋಡಿ," ಎಂದು ಬೆಂಚುಗಳ ಕಡೆ ತಿರುಗಿದ, "ಹೆಸರು ಗೊತ್ತಿಲ್ಲ, ಯಾರಾದ್ರೂ ಬೇಜಾರು ಮಾಡ್ಕೋಬೇಡಿ. ಈ ಮನುಷ್ಯ ವೈನು ಮಾಡಿಲ್ಲ, ನಿದ್ದೆ ಮಾಡಿದ್ದಾನೆ. ಇಂಥದನ್ನ ಪರೀಕ್ಷೆಗೆ ತರೋಕೆ ಧೈರ್ಯ ಬೇಕು. ಹೋಗ್ಲಿ, ಅವನಿಗೆ ತಿಳೀಲಿಲ್ಲ. ಮನೇಲಿ ಹೆಂಡತಿ ಅಂತ ಒಬ್ಬಳು ಇರ್ತಾಳಲ್ಲ, ಅವಳಾದ್ರೂ ಒಂದು ಮಾತು ಹೇಳ್ಬಾರ್ದಾ?"

ಕಿಟಕಿಯೊಳಗೆ ಹೆರ್ಮಿನೆ ನಗು ತಡೆಯಲು ಲೋಟ ಒರೆಸುವ ಬಟ್ಟೆಯನ್ನೇ ಬಾಯಿಗೆ ತುರುಕಿಕೊಂಡಳು.

ಇಪ್ಪತ್ತೆರಡನೆಯದಕ್ಕೆ ಅವಳು ಐದು ತುಂಡು ಇಟ್ಟಳು. ಆ ದಿನ ಐದು ಬಿದ್ದದ್ದು ಅದೊಂದಕ್ಕೇ. ತಣ್ಣಗೆ, ನೇರವಾಗಿ, ಬಾವಿಕಟ್ಟೆಯ ಒದ್ದೆ ಕಲ್ಲಿನ ಹಾಗಿತ್ತು. ನುಂಗಿ ಹತ್ತು ಎಣಿಸಿದರೂ ಮೆಣಸು ಹೋಗಿರಲಿಲ್ಲ. ಯಾರದ್ದೆಂದು ಅವಳಿಗೂ ತಿಳಿಯಲಿಲ್ಲ.

ಕೊನೆಗೆ ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದು ಕೆಳಗಿನಿಂದ ಓದತೊಡಗಿದರು. ಇಪ್ಪತ್ತೇಳನೆಯದು ಮುಗಿಯಿತು. "ಇಪ್ಪತ್ತಾರನೇ ಸ್ಥಾನ, ನಂಬರು ಹದಿನಾಲ್ಕು..." ಓದುವುದನ್ನು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. "ಎಂಗೆಲ್ಬರ್ಟ್ ಹಾಸ್ಲಿಂಗರ್."

ಬೆಂಚುಗಳೆಲ್ಲ ಮುಖ್ಯ ಕುರ್ಚಿಯ ಕಡೆ ತಿರುಗಿದವು. ಬರ್ಟ್ಲ್ ಬಾಯಲ್ಲಿದ್ದ ಬ್ರೆಡ್ಡನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಮೊದಲ ಸ್ಥಾನ ಇಪ್ಪತ್ತೆರಡನೇ ನಂಬರು, ಇಗ್ನಾಟ್ಸ್ ಪಾಂಪರ್ಲ್ ಎಂದಾಗ ಇಗ್ನಾಟ್ಸ್ ಎದ್ದು ನಿಂತ. ಪ್ರತಿ ವರ್ಷದ ಹಾಗೆ ತಕರಾರು ಮಾಡಲು ಮನೆಯಿಂದ ಬರೆದುಕೊಂಡು ಬಂದಿದ್ದ ಕಾಗದ ಅವನ ಕೈಯಲ್ಲಿತ್ತು. ಅದನ್ನು ಮಡಿಸಿ ಜೇಬಿಗಿಟ್ಟ.

"ನಾನು ಇಷ್ಟು ವರ್ಷ ಇವನ ಬಗ್ಗೆ ಏನೇನೋ ಅಂದಿದ್ದೀನಿ," ಎಂದ, ಕಣ್ಣೊರೆಸಿಕೊಳ್ಳುತ್ತ. "ಇವತ್ತು ನನ್ನ ಕಣ್ಣೆದುರಿಗೇ ತನ್ನ ವೈನನ್ನ ತಾನೇ ಉಗಿದು ಮೂಲೆಗೆ ಹಾಕ್ದ, ನನ್ನ ವೈನನ್ನ ಮೇಲಿಟ್ಟ. ಇಂಥಾ ಪ್ರಾಮಾಣಿಕ ಈ ಜಿಲ್ಲೆಯಲ್ಲಿ ಇನ್ನೊಬ್ಬ ಇಲ್ಲ."

ಚಪ್ಪಾಳೆಯೋ ಚಪ್ಪಾಳೆ. ಯಾರೋ ಬರ್ಟ್ಲ್‌ನ ಬೆನ್ನು ತಟ್ಟಿದರು. ಅವನು ಕೆಮ್ಮುತ್ತ ಎದ್ದು, ಬಗ್ಗಿ ಕೈಯೆತ್ತಿದ. ಏನಾದರೂ ಹೇಳುತ್ತಾನೇನೋ ಎಂದು ಹೆರ್ಮಿನೆ ಕಿಟಕಿಯಲ್ಲಿ ಕಾದಳು. ಅವನು ಹೇಳಲಿಲ್ಲ.

ಮನೆಯ ದಾರಿಯಲ್ಲಿ ಚರ್ಚು ದಾಟಿದರು. ಆಮೇಲೆ ಅವನು, "ಎರಡು ತುಂಡಾ?" ಎಂದ.

"ಒಂದೂವರೆ ಅಂದ್ಕೊಂಡಿದ್ದೆ. ಗಂಡ ಅಂತ ಅರ್ಧ ಸೇರಿಸ್ದೆ."

"ಹೆಂಡತಿ ಹೇಳ್ಬಾರ್ದಾ ಅಂತ ಬೇರೆ ನನ್ನ ಬಾಯಲ್ಲೇ ಹೇಳಿಸ್ಬಿಟ್ಯಲ್ಲೇ!"

"ಅದು ನಿನ್ನ ಸ್ವಂತದ್ದು ಬರ್ಟ್ಲ್. ನಾನು ಬ್ರೆಡ್ಡು ಮಾತ್ರ ಇಟ್ಟೆ."

ಅವನು ಮೂರು ದಿನ ಮಾತು ಬಿಟ್ಟ. ಮಾತಿಗಿಂತ ಹೆಚ್ಚಾಗಿ ಊಟ ಬಿಟ್ಟ; ಎಂಬತ್ತು ತುಂಡು ಬ್ರೆಡ್ಡು ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು. ಹೋದಲ್ಲೆಲ್ಲ ಜನ ಟೋಪಿ ತೆಗೆದು ನಮಸ್ಕರಿಸುತ್ತಿದ್ದರು. ಪಾದ್ರಿಗಳು ಭಾನುವಾರದ ಪ್ರವಚನದಲ್ಲಿ ಹೆಸರು ಹೇಳದೆ 'ನಮ್ಮೂರಿನ ಒಬ್ಬ ಸತ್ಯವಂತ' ಎಂದರು. ಬರ್ಟ್ಲ್ ಮುಂದಿನ ಬೆಂಚಿನ ಹಿಂಬದಿಯ ಮರದ ಗೆರೆಗಳನ್ನು ಎಣಿಸುತ್ತ ಕೂತ. ಪ್ರಾಮಾಣಿಕ ಎನ್ನಿಸಿಕೊಳ್ಳುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ.

ನಾಲ್ಕನೇ ದಿನ ಇಗ್ನಾಟ್ಸ್ ಬಂದ. ಹತ್ತೊಂಬತ್ತು ವರ್ಷದಲ್ಲಿ ಅವನು ಈ ಅಡುಗೆಮನೆಗೆ ಕಾಲಿಟ್ಟದ್ದು ಇದೇ ಮೊದಲು. ಕಂಕುಳಲ್ಲಿ ಎರಡು ಬಾಟಲಿ.

"ಬರ್ಟ್ಲ್, ನಿನ್ನ ಸಲಹೆ ಬೇಕು. ಗೆದ್ದಿರೋ ಪೀಪಾಯಿ ಇದು. ಅದರ ಪಕ್ಕದ್ದು ಇದು. ಎರಡನ್ನೂ ಬೆರೆಸಿದ್ರೆ ಹಾಳಾಗುತ್ತಾ? ನೀನು ಹೇಳಿದ ಹಾಗೆ ಮಾಡ್ತೀನಿ."

ಬರ್ಟ್ಲ್ ಲೋಟ ಕೈಗೆ ತೆಗೆದುಕೊಂಡ. ಮೂಸಿದ. ಹೆರ್ಮಿನೆ ಒಲೆಯ ಹತ್ತಿರ ಬೆನ್ನು ಹಾಕಿ ನಿಂತಿದ್ದಳು. ಮೇಜಿನ ಮೇಲೆ ಬ್ರೆಡ್ಡು ಇರಲಿಲ್ಲ. ಅವನು 'ಹಸಿರು ಸೇಬು' ಎನ್ನಲು ಬಾಯಿ ತೆರೆದ. ಎದುರಿಗಿದ್ದವನ ಮುಖದಲ್ಲಿ ನಂಬಿಕೆ ಅಷ್ಟು ತುಂಬಿಕೊಂಡಿತ್ತು. ಬಾಯಿ ಮುಚ್ಚಿದ. ಲೋಟವನ್ನು ಮೇಜಿನ ಆಚೆಗೆ ಸರಿಸಿದ.

"ಅವಳಿಗೆ ಕೊಡು," ಎಂದ. "ನನ್ನ ಮೂಗು ಜನವರಿಯಲ್ಲೇ ಸತ್ತಿದೆ. ನಿಂಗೆ ಮೊದಲ ಸ್ಥಾನ ಕೊಟ್ಟಿದ್ದು ಅವಳು. ನನ್ನ ಉಗಿದಿದ್ದೂ ಅವಳೇ."

ಇಗ್ನಾಟ್ಸ್ ಪೈಪಿಗೆ ನಿಧಾನವಾಗಿ ಹೊಗೆಸೊಪ್ಪು ತುಂಬಿದ. "ಇಷ್ಟು ಹೇಳೋಕೆ ನಾಲ್ಕು ದಿನ ತಗೊಂಡ್ಯಲ್ಲ ಮಾರಾಯ," ಎಂದ. "ಫ್ರೀಡಾ ಮೂರನೇ ಬಾಟಲಿಗೇ ಕಂಡುಹಿಡಿದಿದ್ಳು. ಆವತ್ತು ಸಂಜೆ ಮನೆಗೆ ಬಂದು, 'ನಿನ್ನ ಸತ್ಯವಂತ ಕುದುರೆ ಹಾಗೆ ಮೇಯ್ದಿದ್ಯಾಕೆ ಗೊತ್ತಾ?' ಅಂದ್ಳು. ನಾನು ಹಾಲಲ್ಲಿ ಕಣ್ಣೀರು ಹಾಕಿ ಭಾಷಣ ಮಾಡಿ ಬಂದಿದ್ದೆ. ನಿದ್ದೆ ಬರ್ಲಿಲ್ಲ ನಂಗೆ."

"ಮತ್ತೆ ಯಾಕೆ ಯಾರಿಗೂ ಹೇಳಿಲ್ಲ?"

"ಹೇಳಿ? ಹತ್ತೊಂಬತ್ತು ವರ್ಷಕ್ಕೆ ಒಂದ್ಸಲ ಗೆದ್ದಿದ್ದೀನಿ. ಅದನ್ನ ಲೋಟ ತೊಳೆಯೋರು ಗೆಲ್ಲಿಸಿದ್ರು ಅಂತ ನಾನೇ ಡಂಗುರ ಸಾರ್ಲಾ?" ಪೈಪಿನ ತುದಿಯಿಂದ ಹೆರ್ಮಿನೆಯ ಕಡೆ ತೋರಿಸಿದ. "ನಾನು ಅವಳನ್ನ ಕೇಳೋಕೇ ಬಂದಿದ್ದು. ನೀನು ಬಾಯಿ ಬಿಡ್ತೀಯೋ ಸೇಬು ಹೇಳ್ತೀಯೋ ನೋಡೋಣ ಅಂತ ಸ್ವಲ್ಪ ಆಟ ಆಡಿಸ್ದೆ."

ಹೆರ್ಮಿನೆ ಕೈ ಒರೆಸಿಕೊಂಡು ಬಂದು ಎರಡೂ ಲೋಟ ಮೂಸಿದಳು. "ಬೆರೆಸಬೇಡ ಇಗ್ನಾಟ್ಸ್," ಎಂದಳು. "ಪಕ್ಕದ್ದು ಒಳ್ಳೇ ಹುಡುಗ, ಆದ್ರೆ ಪೆದ್ದ. ಅಣ್ಣನ ಜೊತೆ ಸೇರಿಸಿದ್ರೆ ಇಬ್ಬರೂ ಪೆದ್ದರಾಗ್ತಾರೆ."

ಏಪ್ರಿಲ್ ಕೊನೆಯಲ್ಲಿ ಅದೇ ಹಾಲಿನಲ್ಲಿ ಸಂಘದ ಸಭೆ ನಡೆದಾಗ ಬರ್ಟ್ಲ್ ಹೆಂಡತಿಯನ್ನೂ ಕರೆದೊಯ್ದು, ತಾನಾಗಿಯೇ ಎದ್ದು ನಿಂತು ಎಲ್ಲವನ್ನೂ ಹೇಳಿದ. ಸುಟ್ಟ ಕೋಸಿನಿಂದ ಹಿಡಿದು ಹೇಳಿದ, ಸೀಮೆಎಣ್ಣೆಯನ್ನೂ ಬಿಡಲಿಲ್ಲ. ಮೊದಲು ನಗು, ಆಮೇಲೆ ಗಲಾಟೆ. ಪರೀಕ್ಷೆ ರದ್ದಾಗಬೇಕು ಎಂದರು ಕೆಲವರು, ಬಹುಮಟ್ಟಿಗೆ ಇಪ್ಪತ್ತರ ನಂತರದ ಸ್ಥಾನಗಳಲ್ಲಿದ್ದವರು. ಆಗ ಮೇಷ್ಟ್ರು ಹಿಂದಿನ ಕೋಣೆಗೆ ಹೋಗಿ ಮೂರು ಲೋಟ ತುಂಬಿಸಿಕೊಂಡು ಬಂದು ಹೆರ್ಮಿನೆಯ ಮುಂದಿಟ್ಟರು. ಆ ಮೇಜಿನ ಮುಂದೆ ಅವಳು ಕೂತದ್ದೇ ಮೊದಲ ಸಲ.

"ಇದು ಇಗ್ನಾಟ್ಸಂದು. ಗೆದ್ದಿದ್ದು." ಇಗ್ನಾಟ್ಸ್ ಸುತ್ತಲೂ ನೋಡಿದ. "ಇದು ಯಾರದ್ದೋ ಗೊತ್ತಿಲ್ಲ. ವೈನು ಪಾಪ ಚೆನ್ನಾಗೇ ಹುಟ್ಟಿದೆ. ಮಾಡಿದೋರು ಪೀಪಾಯಿ ತೊಳ್ದಿಲ್ಲ."

"ತೊಳ್ದಿದ್ದೀನಿ!" ಎಂದು ಹಿಂದಿನ ಬೆಂಚಿನಿಂದ ಅಗ್ನಿಶಾಮಕ ದಳದ ಮುಖ್ಯಸ್ಥ ಕೂಗಿದ. ಇಡೀ ಹಾಲ್ ಅಟ್ಟಹಾಸ ಮಾಡಿ ಶಾಂತವಾಗಲು ಹೊತ್ತು ಹಿಡಿಯಿತು.

ಮೂರನೆಯದನ್ನು ಅವಳು ಎರಡು ಸಲ ಮೂಸಿ, ಕುಡಿದು, ಹುಬ್ಬು ಗಂಟಿಕ್ಕಿದಳು. "ಮೇಷ್ಟ್ರೇ, ಇದು ಒಂದಲ್ಲ. ಎರಡು ಬಾಟಲಿ ಬೆರೆಸಿದ್ದೀರಿ. ಒಂದು ಜಲ್ಲಿ ನೆಲದ್ದು, ಒಂದು ಹಳದಿ ಮಣ್ಣಿಂದು."

ಮೇಷ್ಟ್ರು ಹೌದೆಂದು ತಲೆಯಾಡಿಸಿ ಕಪಾಟಿನಿಂದ ಸಂಘದ ನಿಯಮಗಳ ಪುಸ್ತಕ ತೆಗೆದರು. ತೀರ್ಪಿನ ಮೇಜಿಗೆ ಸದಸ್ಯರು ಮಾತ್ರ ಕೂರಬಹುದು, ದ್ರಾಕ್ಷಿತೋಟ ಯಾರ ಹೆಸರಿನಲ್ಲಿದೆಯೋ ಅವರೇ ಸದಸ್ಯರು ಎಂದು ಅದರಲ್ಲಿತ್ತು. "ಗುಡ್ಡದ ಮೇಲಿನ ತೋಟ ಯಾರ ಹೆಸರಲ್ಲಿದೆ ಹೆರ್ಮಿನೆಯವರೇ?"

"ನಂದೇ. ಅಪ್ಪ ಮದುವೇಲಿ ಕೊಟ್ಟಿದ್ದು."

"ಹಾಗಾದ್ರೆ ಮೂವತ್ತೊಂದು ವರ್ಷದಿಂದ ನೀವು ಸದಸ್ಯರೇ. ಯಾರೂ ನಿಮಗೆ ಹೇಳಿರಲಿಲ್ಲ, ಅಷ್ಟೆ."

ಪರೀಕ್ಷೆ ರದ್ದಾಗಲಿಲ್ಲ. ಆ ವಸಂತದಲ್ಲಿ ಹೊರಗಿನಿಂದ ಬಂದವರಿಗೆಲ್ಲ ಊರಿನ ಹೆಸರಿನಲ್ಲಿ ಸುರಿದದ್ದು ಇಗ್ನಾಟ್ಸನ ಫೆಲ್ಟ್‌ಲಿನರೇ. ಮುಖ್ಯ ಕುರ್ಚಿ ಮುಂದಿನ ವರ್ಷಕ್ಕೆ ಹೆರ್ಮಿನೆಗೆ ಎಂದು ಕೈಯೆತ್ತಿ ತೀರ್ಮಾನವಾಯಿತು. ಮೊದಲು ಕೈಯೆತ್ತಿದವನು ಬರ್ಟ್ಲ್. ಎರಡನೆಯವನು, ತಾನೇ ಎತ್ತಿದೆನೇ ಎಂದು ತನ್ನ ಕೈಯನ್ನೇ ಆಶ್ಚರ್ಯದಿಂದ ನೋಡಿಕೊಳ್ಳುತ್ತ, ಇಗ್ನಾಟ್ಸ್.

ಜೂನ್ ಬಂತು. ಗುಡ್ಡದ ತೋಟದಲ್ಲಿ ಗಂಡ ಹೆಂಡತಿ ಚಿಗುರುಗಳನ್ನು ತಂತಿಗೆ ಸಿಕ್ಕಿಸುತ್ತಿದ್ದರು, ಅವನೊಂದು ಸಾಲು, ಅವಳೊಂದು ಸಾಲು. ದ್ರಾಕ್ಷಿಯ ಹೂವು ಹೂವಿನ ಹಾಗೆ ಕಾಣುವುದಿಲ್ಲ. ಹಸಿರು ಧೂಳು ಕೂತ ಹಾಗಿರುತ್ತದೆ. ಬರ್ಟ್ಲ್ ಇದ್ದಕ್ಕಿದ್ದಂತೆ ನಿಂತ. ತಲೆಯೆತ್ತಿದ. ಎಲೆಗಳ ನಡುವೆ ಮುಖ ಹುಗಿಸಿದ.

"ಮಿನ್ನಿ! ಹೂ ಅರಳಿದೆ! ನಂಗೆ ಬರ್ತಿದೆ, ವಾಸನೆ ಬರ್ತಿದೆ! ಇವತ್ತೇ ಅರಳಿದೆ ನೋಡು!"

ಅವಳು ಸಾಲಿನ ಆಚೆಯಿಂದ ಇಣುಕಿದಳು. ಅವನ ಮೂಗಿನ ತುದಿಗೆ ಹಸಿರು ಪುಡಿ ಅಂಟಿತ್ತು, ಕಣ್ಣಲ್ಲಿ ನೀರಿತ್ತು. ಅವಳ ಎದೆಯೂ ತುಂಬಿ ಬಂತು. ಆದರೆ ಅದನ್ನು ಹಾಗೆಯೇ ತೋರಿಸಿಬಿಟ್ಟರೆ ಹೇಗೆ?

"ಅರಳಿ ನಾಲ್ಕು ದಿನ ಆಯ್ತು," ಎಂದಳು. "ಹೇಳು, ಹೇಗಿದೆ ವಾಸನೆ?"

ಅವನು ಬಾಯಿ ತೆರೆದ. ಮುಚ್ಚಿದ. ಮತ್ತೊಮ್ಮೆ ಮೂಸಿದ. ಅಷ್ಟು ವರ್ಷ ಮೇಜಿನ ಹಿಂದೆ ಕೂತು ಬಳಸಿದ ಮಾತುಗಳಲ್ಲಿ ಒಂದೂ ಅದಕ್ಕೆ ಹೊಂದಲಿಲ್ಲ.

"ಗೊತ್ತಾಗ್ತಿಲ್ಲ ಮಿನ್ನಿ," ಎಂದ. "ತುಂಬಾ ಸಣ್ಣದು. ಇದೆ, ಅಷ್ಟೇ."

"ಸರಿಯಾಗಿ ಹೇಳ್ದೆ," ಎಂದು ಅವಳು ತನ್ನ ಸಾಲಿಗೆ ತಿರುಗಿದಳು. "ಮೂಗು ಬಂತಲ್ಲ, ಇನ್ನು ಕೈ ಆಡ್ಸು. ಮಳೆ ಬರೋ ಹಾಗಿದೆ."